ಮೊದಲು ಕಾಗದ, ಆಮೇಲೆ ವಕೀಲರು: ಧನಕವಡಿಯ ಕನ್ನಡಿಗರಿಗೆ ಕ್ರಿಮಿನಲ್ ಕೋರ್ಟಿನ ಹೆಜ್ಜೆಗಳು

ಪುಣೆಯ ಧನಕವಡಿಯಲ್ಲಿ ಕನ್ನಡ ಕಿವಿಗೆ ಬೀಳುವುದು ಹೊಸತಲ್ಲ. ಪಿಐಸಿಟಿಯಲ್ಲಿ, ಪಕ್ಕದ ಭಾರತಿ ವಿದ್ಯಾಪೀಠದಲ್ಲಿ ಓದುವ ಮಕ್ಕಳಿದ್ದಾರೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳಿವೆ. ಸಾತಾರಾ ರಸ್ತೆಯ ಹೋಟೆಲುಗಳಲ್ಲಿ ದುಡಿಯುವ ಕರಾವಳಿಯವರಿದ್ದಾರೆ. ಇವರಲ್ಲಿ ಯಾರ ಮನೆಗಾದರೂ ಪೊಲೀಸ್ ಠಾಣೆಯಿಂದ ಫೋನ್ ಬಂತೆಂದರೆ ಬಾಯಿಗೆ ಬರುವ ಮೊದಲ ಮಾತು: “ಯಾರಾದರೂ ವಕೀಲರು ಗೊತ್ತೇನ್ರೀ?”

ಆ ಪ್ರಶ್ನೆ ಎರಡನೆಯದಾಗಬೇಕು. ಯಾವ ಠಾಣೆ, ಎಫ್‌ಐಆರ್ ನಂಬರ್ ಎಷ್ಟು, ಯಾವ ಕಲಮು ಹಾಕಿದ್ದಾರೆ ಎಂಬುದು ಮೊದಲನೆಯದು. ಈ ಮೂರು ಗೊತ್ತಿಲ್ಲದೆ ವಕೀಲರ ಬಳಿ ಹೋದರೆ ಅವರು ಹೇಳಿದ್ದನ್ನೆಲ್ಲ ನಂಬಬೇಕಾಗುತ್ತದೆ. ಗೊತ್ತಿದ್ದು ಹೋದರೆ ಅವರ ಜೊತೆ ಕೂತು ಮಾತನಾಡಬಹುದು. ಆರೋಪಿಯ ಮನೆಯವರಾಗಲಿ, ಅನ್ಯಾಯಕ್ಕೆ ಒಳಗಾದವರಾಗಲಿ, ಇಬ್ಬರಿಗೂ ಇದೇ ಮಾತು. ಪರಊರು, ಪರಭಾಷೆಯ ಕೋರ್ಟಿನಲ್ಲಿ ನಮ್ಮವರು ಸೋಲುವುದು ಹೆಚ್ಚಾಗಿ ಕಾನೂನಿನಲ್ಲಲ್ಲ, ಕಾಗದ ಕೈಯಲ್ಲಿಲ್ಲದೆ.

ಹಂತ 1: ಠಾಣೆ ಯಾವುದು, ಎಫ್‌ಐಆರ್ ಏನು

ಧನಕವಡಿಯ ಬಹುಭಾಗ ಸಹಕಾರನಗರ ಠಾಣೆಗೆ ಸೇರುತ್ತದೆ. ಕಾತ್ರಜ್ ಕಡೆಗೆ ಸರಿದರೆ ಭಾರತಿ ವಿದ್ಯಾಪೀಠ ಠಾಣೆ ಬರುತ್ತದೆ. 2024ರಲ್ಲಿ ಆಂಬೇಗಾಂವ್ ಠಾಣೆ ಹೊಸದಾಗಿ ಆಯಿತು. ಹಾಗಾಗಿ “ಧನಕವಡಿ ಪೊಲೀಸರು” ಎಂದಷ್ಟೇ ಹೇಳಿದರೆ ಸಾಲದು. ಫೋನ್ ಮಾಡಿದವರ ಹೆಸರು, ಹುದ್ದೆ, ಠಾಣೆಯನ್ನು ಕೇಳಿ ಬರೆದುಕೊಳ್ಳಿ.

ದೂರು ಕೊಡುವವರು ನೀವಾದರೆ ಸರಹದ್ದಿನ ಚಿಂತೆ ಬೇಡ. ಯಾವ ಠಾಣೆಯಲ್ಲಿ ಕೊಟ್ಟರೂ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದೇ ಝೀರೋ ಎಫ್‌ಐಆರ್. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಫಿರ್ಯಾದಿದಾರರಿಗೆ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಬರಹದಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಆರೋಪಿ ಕಡೆಯವರಿಗೂ ದಾರಿಯಿದೆ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಮಹಾರಾಷ್ಟ್ರ ಪೊಲೀಸರ ನಾಗರಿಕ ಪೋರ್ಟಲಿನಲ್ಲಿ ಪ್ರಕಟವಾದ ಎಫ್‌ಐಆರ್ ನೋಡುವ ವಿಭಾಗವಿದೆ. ಠಾಣೆ ಮತ್ತು ತಾರೀಖು ಆರಿಸಿ ಹುಡುಕಬಹುದು.

ಕಲಮುಗಳ ವಿಷಯದಲ್ಲಿ ಒಂದು ಎಚ್ಚರಿಕೆ. 2024ರ ಜುಲೈ 1ರಿಂದ ಐಪಿಸಿಯ ಬದಲು ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕೊಲೆಗೆ ಹಿಂದಿನ 302 ಈಗ 103. ಮೋಸಕ್ಕೆ ಎಲ್ಲರಿಗೂ ಬಾಯಿಪಾಠವಾಗಿದ್ದ 420 ಈಗ 318(4). ಆ ದಿನಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ಐಪಿಸಿಯೇ ಅನ್ವಯಿಸುತ್ತದೆ. ನಂಬರ್ ಮಾತ್ರ ಕೇಳಿ ಗಾಬರಿಯಾಗಬೇಡಿ. ಯಾವ ಕಾಯ್ದೆಯ ನಂಬರ್ ಎಂದು ಕೇಳಿ.

ಹಂತ 2: ಮೊದಲ 24 ಗಂಟೆ

ಬಂಧಿಸಿದವರನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ರಜಾ ದಿನವಾದರೂ ತಪ್ಪುವಂತಿಲ್ಲ. ಮನೆಯವರಿಗೋ ಬಂಧಿತರು ಹೇಳಿದ ಸ್ನೇಹಿತರಿಗೋ ತಿಳಿಸಬೇಕು. ವಿಚಾರಣೆಯ ಹೊತ್ತಿನಲ್ಲಿ ತಮ್ಮ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತರಿಗಿದೆ. ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಲ್ಲ. ಯಾರನ್ನು ಯಾವ ಅಪರಾಧಕ್ಕೆ ಹಿಡಿದಿದ್ದಾರೆ ಎಂಬ ಮಾಹಿತಿ ಇಟ್ಟುಕೊಳ್ಳಲು ಪ್ರತಿ ಠಾಣೆಯಲ್ಲೂ ಗೊತ್ತುಪಡಿಸಿದ ಅಧಿಕಾರಿ ಇರಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಅವರನ್ನೇ ಕೇಳಿ.

ಕನ್ನಡಿಗರು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕಾದ ತೀರ್ಪೊಂದಿದೆ. ಮುಂಬೈಯ ವರ್ಲಿಯ ಕಾರು ಅಪಘಾತ ಪ್ರಕರಣದಿಂದ ಹುಟ್ಟಿದ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್ 6ರಂದು ಹೀಗೆ ಹೇಳಿತು: ಬಂಧನದ ಕಾರಣಗಳನ್ನು ಬರಹದಲ್ಲಿ, ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕೂಡಲೇ ಕೊಡಲು ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ 2 ಗಂಟೆ ಮೊದಲಾದರೂ ಕೊಡಬೇಕು. ಇಲ್ಲವಾದರೆ ಬಂಧನ, ರಿಮಾಂಡ್ ಎರಡೂ ಅಕ್ರಮವಾಗುತ್ತವೆ. ಯಾದಗಿರಿಯಿಂದ ಬಂದ ಗಾರೆ ಕೆಲಸದವರಿಗೆ ಮರಾಠಿಯಲ್ಲಿ ಬರೆದ ಹಾಳೆ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ “ನನಗೆ ಮರಾಠಿ ಬರುವುದಿಲ್ಲ, ಕನ್ನಡ ಮಾತ್ರ ಬರುತ್ತದೆ” ಎಂದು ಗಟ್ಟಿಯಾಗಿ ಹೇಳಬೇಕು. ಮುಂದೆ ಸಾಕ್ಷಿ ವಿಚಾರಣೆ ನಡೆಯುವಾಗಲೂ ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತಿಳಿಯುವ ಭಾಷೆಗೆ ಅನುವಾದಿಸಿ ಹೇಳಬೇಕೆಂಬ ನಿಯಮವಿದೆ. ಕೇಳದಿದ್ದರೆ ಯಾರೂ ತಾವಾಗಿ ಮಾಡುವುದಿಲ್ಲ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಬದಲು ಹಾಜರಾಗುವಂತೆ ನೋಟಿಸ್ ಬರಬಹುದು. ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅದು ಕಾನೂನು ಒಪ್ಪುವ ಜಾರಿಯಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹಾಸ್ಟೆಲಿನ ಮಕ್ಕಳಿಗೆ ಇದನ್ನು ಮುಖ್ಯವಾಗಿ ಹೇಳಬೇಕು. ವಿಡಿಯೋ ಕಾಲಿನಲ್ಲಿ ಖಾಕಿ ತೊಟ್ಟು “ಡಿಜಿಟಲ್ ಅರೆಸ್ಟ್” ಎನ್ನುವವರು ಕಳ್ಳರು. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ.

ಹಂತ 3: ವಕೀಲರನ್ನು ಹುಡುಕುವುದು

ವಕೀಲರು ಜಾಹೀರಾತು ಕೊಡುವಂತಿಲ್ಲ, ಕಕ್ಷಿದಾರರನ್ನು ಹುಡುಕಿಕೊಂಡು ಹೋಗುವಂತಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 36 ಇದನ್ನು ತಡೆಯುತ್ತದೆ. ಆನ್‌ಲೈನ್ ಪಟ್ಟಿಗಳಲ್ಲಿ ವಕೀಲರನ್ನು ಸರಕಿನಂತೆ ಮಾರುವುದರ ವಿರುದ್ಧ ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಕಟುವಾಗಿಯೇ ಹೇಳಿದೆ. ಆದ್ದರಿಂದ ಇಂಟರ್‌ನೆಟ್ಟಿನಲ್ಲಿ ಮೊದಲು ಕಾಣುವ ಹೆಸರೇ ಒಳ್ಳೆಯ ಹೆಸರು ಎಂದುಕೊಳ್ಳಬೇಡಿ. ಠಾಣೆಯ ಗೇಟಿನಲ್ಲೋ ಆಸ್ಪತ್ರೆಯ ಪಡಸಾಲೆಯಲ್ಲೋ “ನಮ್ಮ ಸಾಹೇಬರಿದ್ದಾರೆ, ಇವತ್ತೇ ಬಿಡಿಸುತ್ತಾರೆ” ಎಂದು ಹತ್ತಿರ ಬರುವವರು ದಲ್ಲಾಳಿಗಳು. ಅಂಥವರ ಪಟ್ಟಿ ಮಾಡಿ ಕೋರ್ಟಿನಿಂದ ಹೊರಗಿಡಲು 2023ರಲ್ಲಿ ವಕೀಲರ ಕಾಯ್ದೆಗೇ ತಿದ್ದುಪಡಿ ತಂದಿದ್ದಾರೆ.

ಹಾಗಾದರೆ ಹುಡುಕುವುದೆಲ್ಲಿ? ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲೇ. ಧನಕವಡಿಯಿಂದ ಬಸ್ಸಿನಲ್ಲಿ ಸ್ವಾರಗೇಟಿಗೆ ಬನ್ನಿ. 2024ರ ಸೆಪ್ಟೆಂಬರ್ 29ರಿಂದ ಅಲ್ಲಿಂದ ಮೆಟ್ರೋ ಇದೆ. ಜಿಲ್ಲಾ ನ್ಯಾಯಾಲಯ ನಿಲ್ದಾಣದಲ್ಲಿ ಇಳಿದರೆ ಕೋರ್ಟು ನಡೆಯುವಷ್ಟೇ ದೂರ. ಪ್ರತಿ ಠಾಣೆಯ ಪ್ರಕರಣಗಳು ಗೊತ್ತುಪಡಿಸಿದ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತವೆ. ನಿಮ್ಮ ಠಾಣೆಯದು ಯಾವ ಕೋರ್ಟ್ ಎಂದು ಕೇಳಿಕೊಂಡು ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕೂತು ನೋಡಿ. ಯಾರು ಕಡತ ಓದಿಕೊಂಡು ಬಂದಿದ್ದಾರೆ, ಯಾರು ಬರೀ ಮುಂದಿನ ತಾರೀಖು ಕೇಳುತ್ತಾರೆ, ನ್ಯಾಯಾಧೀಶರ ಪ್ರಶ್ನೆಗೆ ಯಾರು ನೇರ ಉತ್ತರ ಕೊಡುತ್ತಾರೆ ಎಂಬುದು ಕಾನೂನು ಓದದವರಿಗೂ ತಿಳಿಯುತ್ತದೆ. ಮನಸ್ಸಿಗೆ ಬಂದವರನ್ನು ಹೊರಗೆ ಬಂದ ಮೇಲೆ ಮಾತನಾಡಿಸಿ.

ಭಾಷೆಯ ವಿಚಾರಕ್ಕೆ ಬಂದರೆ, ಸೊಲ್ಲಾಪುರ, ಅಕ್ಕಲಕೋಟೆ, ಜತ್ ಕಡೆಯಿಂದ ಬಂದ, ಮನೆಯಲ್ಲಿ ಕನ್ನಡ, ಕೋರ್ಟಿನಲ್ಲಿ ಮರಾಠಿ ಮಾತನಾಡುವ ವಕೀಲರು ನಿಮಗೆ ಬಹಳ ಅನುಕೂಲ. ಪುಣೆಯ ಕನ್ನಡ ಸಂಘದವರನ್ನೂ ನಿಮ್ಮ ಊರಿನ ಹೋಟೆಲಿನವರನ್ನೂ ಕೇಳಿ ನೋಡಿ. ಆದರೆ ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಜಮೀನಿನ ವ್ಯಾಜ್ಯ ನಡೆಸುವವರ ಕೈಗೆ ಕೊಲೆಯತ್ನದ ಪ್ರಕರಣ ಕೊಡಬೇಡಿ. ಕ್ರಿಮಿನಲ್ ಕೆಲಸ ಬಲ್ಲ ಮರಾಠಿ ವಕೀಲರು, ಜೊತೆಗೆ ಮಾತು ತಿಳಿಸಿ ಹೇಳುವ ಒಬ್ಬ ನಂಬಿಕಸ್ಥರು ಇದ್ದರೆ ಅದೇ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹೆಸರು ಸಿಕ್ಕ ಮೇಲೆ ಎರಡು ಪರೀಕ್ಷೆ. ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿನ ಸನದು ನಂಬರ್ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ. ಇ-ಕೋರ್ಟ್ಸ್ ಆ್ಯಪಿನಲ್ಲಿ ವಕೀಲರ ಹೆಸರು ಹಾಕಿ ಹುಡುಕುವ ಸೌಲಭ್ಯವಿದೆ. ಅವರ ಕೈಯಲ್ಲಿ ಯಾವ ಬಗೆಯ ಪ್ರಕರಣಗಳಿವೆ ಎಂದು ಅಲ್ಲೇ ಕಾಣುತ್ತದೆ.

ಹಂತ 4: ಫೀಸು, ವಕಾಲತ್ತು

ಫೀಸು ಜಾಮೀನಿಗೆ ಮಾತ್ರವೋ, ಪೂರ್ತಿ ವಿಚಾರಣೆಗೋ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಜಗಳ ಹುಟ್ಟುವುದು ಇಲ್ಲೇ. ಗೆದ್ದರೆ ಇಷ್ಟು, ಸೋತರೆ ಇಷ್ಟು ಎಂಬ ಒಪ್ಪಂದ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. “ಗ್ಯಾರಂಟಿ ಬಿಡಿಸುತ್ತೇನೆ” ಎನ್ನುವವರಿಂದ ಎದ್ದು ಬನ್ನಿ. ಬ್ಯಾಂಕಿನ ಮೂಲಕವೋ ಯುಪಿಐನಲ್ಲೋ ಕೊಡಿ, ರಸೀದಿ ತೆಗೆದುಕೊಳ್ಳಿ. ಸೇವೆ ಸರಿಯಿಲ್ಲವೆಂದು ಗ್ರಾಹಕರ ವೇದಿಕೆಗೆ ಹೋಗಲು ಈಗ ಬರುವುದಿಲ್ಲ. ವಕೀಲರು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ತೀರ್ಪು ಕೊಟ್ಟಿದೆ. ದುರ್ನಡತೆಯ ದೂರು ರಾಜ್ಯ ಬಾರ್ ಕೌನ್ಸಿಲಿಗೆ ಹೋಗಬೇಕು.

ಖಾಲಿ ವಕಾಲತ್ತಿಗೆ, ಖಾಲಿ ಹಾಳೆಗೆ ಸಹಿ ಬೇಡ. ಮೂಲ ಕಾಗದಗಳನ್ನು ಕೊಡುವಂತಾದರೆ ಝೆರಾಕ್ಸ್ ಮನೆಯಲ್ಲಿರಲಿ. ವಕೀಲರನ್ನು ಬದಲಿಸುವ ಹಕ್ಕು ನಿಮಗೆ ಯಾವಾಗಲೂ ಇದೆ, ಮತ್ತು ಫೀಸು ಬಾಕಿಯಿದೆ ಎಂಬ ಕಾರಣಕ್ಕೆ ಅವರು ಕಡತ ತಡೆಹಿಡಿಯುವಂತಿಲ್ಲ. 2000ದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ.

ಹಂತ 5: ದುಡ್ಡಿಲ್ಲದಿದ್ದರೆ

15100 ಎಂಬ ನಂಬರಿಗೆ ಫೋನ್ ಮಾಡಿ. ಇದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಪುಣೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ನೇರವಾಗಿ ಹೋಗಿ ಕಂಡರೂ ಆಗುತ್ತದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ಕಸ್ಟಡಿಯಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟಿದ್ದರೂ ಉಚಿತ ವಕೀಲರಿಗೆ ಅರ್ಹರು. ಯೆರವಡಾ ಜೈಲಿನಲ್ಲಿರುವ ವಿಚಾರಣಾಧೀನ ಕೈದಿಗೂ ಈ ಹಕ್ಕಿದೆ. ಜೈಲಿನೊಳಗಿಂದಲೇ ಅರ್ಜಿ ಕೊಡಬಹುದು. ಉಚಿತ ಎಂದರೆ ಕಳಪೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ರಾಷ್ಟ್ರೀಯ ಪ್ರಾಧಿಕಾರದ 2022ರ ಯೋಜನೆಯ ಪ್ರಕಾರ ಆರೋಪಿಗಳ ಪರವಾಗಿ ಕೆಲಸ ಮಾಡಲೆಂದೇ ಪೂರ್ಣಾವಧಿ ವಕೀಲರನ್ನು ಜಿಲ್ಲೆಗಳಲ್ಲಿ ನೇಮಿಸುತ್ತಿದ್ದಾರೆ. ಸಾಲ ಮಾಡಿ ಯಾರನ್ನೋ ಹಿಡಿಯುವ ಮೊದಲು ಅವರನ್ನು ಕಂಡು ಮಾತನಾಡಿ.

ಹಂತ 6: ರಿಮಾಂಡ್, ಜಾಮೀನು, ಜಾಮೀನುದಾರ

ಕೋರ್ಟಿನ ಪಡಸಾಲೆಯಲ್ಲಿ ಎರಡು ಮಾತು ಪದೇ ಪದೇ ಕೇಳುತ್ತೀರಿ: ಪಿಸಿಆರ್, ಎಂಸಿಆರ್. ಮೊದಲನೆಯದೆಂದರೆ ಪೊಲೀಸ್ ವಶಕ್ಕೆ ಕೊಟ್ಟರು, ಎರಡನೆಯದೆಂದರೆ ನ್ಯಾಯಾಂಗ ವಶ, ಅಂದರೆ ಜೈಲು. ಸಾಮಾನ್ಯವಾಗಿ ಎಂಸಿಆರ್ ಆದ ಮೇಲೆ ಜಾಮೀನು ಅರ್ಜಿ ಹಾಕುತ್ತಾರೆ. ಅರ್ಜಿಯ ಮೇಲೆ ಪೊಲೀಸರ ಮತ್ತು ಸರ್ಕಾರಿ ವಕೀಲರ “ಸೇ” ಬರಬೇಕು. ಅವರ ಲಿಖಿತ ಉತ್ತರಕ್ಕೆ ಮಹಾರಾಷ್ಟ್ರದ ಕೋರ್ಟುಗಳಲ್ಲಿ ಹಾಗೆನ್ನುತ್ತಾರೆ. ಅದಕ್ಕೇ ಒಂದೆರಡು ತಾರೀಖು ಹೋಗುತ್ತವೆ, ಹೆದರಬೇಡಿ. ಮ್ಯಾಜಿಸ್ಟ್ರೇಟರಲ್ಲಿ ಆಗದಿದ್ದರೆ ಸೆಷನ್ಸ್, ಅಲ್ಲೂ ಆಗದಿದ್ದರೆ ಬಾಂಬೆ ಹೈಕೋರ್ಟ್. 2025ರ ಆಗಸ್ಟ್ 18ರಂದು ಕೊಲ್ಹಾಪುರದಲ್ಲಿ ಸರ್ಕ್ಯೂಟ್ ಪೀಠ ಶುರುವಾಗಿದೆ, ಸಾಂಗ್ಲಿ, ಸೊಲ್ಲಾಪುರದವರಿಗೆ ಅದು ಹತ್ತಿರವಾಯಿತು. ಪುಣೆಯ ಪ್ರಕರಣ ಮಾತ್ರ ಮುಂಬೈಗೇ ಹೋಗಬೇಕು.

ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದ ದಿನವೊಂದಿದೆ. ಆರೋಪಿ ಕಸ್ಟಡಿಯಲ್ಲಿದ್ದು 60 ದಿನದೊಳಗೆ, ಹತ್ತು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಗಂಭೀರ ಅಪರಾಧವಾದರೆ 90 ದಿನದೊಳಗೆ, ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಕೇಳಿದರೆ ಮಾತ್ರ. ನೀವು ಅರ್ಜಿ ಹಾಕುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಹಕ್ಕು ಹೋಯಿತು. ವಿಶೇಷ ಕಾಯ್ದೆಗಳಲ್ಲಿ ಈ ಅವಧಿ ಬೇರೆ ಇರಬಹುದು, ವಕೀಲರನ್ನು ಕೇಳಿ. ಆ ದಿನ ಸಮೀಪಿಸಿದಂತೆ ಅವರಿಗೆ ನೀವೇ ನೆನಪಿಸಿ.

ಜಾಮೀನು ಮಂಜೂರಾದ ಮೇಲೂ ನಮ್ಮವರು ಒಳಗೇ ಕೊಳೆಯುವುದುಂಟು, ಸ್ಥಳೀಯ ಜಾಮೀನುದಾರ ಸಿಗದೆ. ಧನಕವಡಿಯ ಬಾಡಿಗೆ ಕೋಣೆಯವರಿಗೆ ಪುಣೆಯಲ್ಲಿ ಆಸ್ತಿಯಿರುವ ನೆಂಟರು ಎಲ್ಲಿಂದ ಬರಬೇಕು? 1978ರಲ್ಲಿ ಮೋತಿರಾಮ್ ಎಂಬ ಮಧ್ಯಪ್ರದೇಶದ ಗಾರೆ ಕೆಲಸಗಾರನಿಗೂ ಹೀಗೇ ಆಯಿತು. ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದಲ್ಲದೆ, ಜಾಮೀನು ನಿಲ್ಲಲು ಬಂದ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ತಿರಸ್ಕರಿಸಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ. ಒಂದೇ ದೇಶದ ಪ್ರಜೆ ಇನ್ನೊಂದು ಜಿಲ್ಲೆಯಲ್ಲಿ ಪರಕೀಯನಾಗಬಾರದು ಎಂಬುದೇ ಆ ತೀರ್ಪಿನ ತಿರುಳು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ, ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ಬಿಡುಗಡೆಗೆ ಅಡ್ಡಿಯಾಗುವಲ್ಲಿ ಅದನ್ನು ಹಾಕದಿರಬಹುದು ಎಂದು ಸೂಚಿಸಿತು. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದೂ ಹೇಳಿತು. ನಗದು ಜಾಮೀನು, ಸ್ವಂತ ಬಾಂಡ್, ಊರಿನ ಜಾಮೀನುದಾರ ಇವುಗಳಿಗಾಗಿ ಅರ್ಜಿ ಹಾಕಲು ವಕೀಲರಿಗೆ ಸುಪ್ರೀಂ ಕೋರ್ಟಿನ ಈ ಎರಡು ಮಾತುಗಳನ್ನೂ ನೆನಪಿಸಿ. ಸರಹದ್ದು ಬಿಟ್ಟು ಹೋಗಬಾರದೆಂಬ ಷರತ್ತಿದ್ದರೆ ಹಬ್ಬಕ್ಕೆ ಊರಿಗೆ ಹೊರಡುವ ಮೊದಲು ಕೋರ್ಟಿನ ಅನುಮತಿ ಬೇಕೇ ಬೇಕು.

ಹಂತ 7: ಮೊಬೈಲಿನಲ್ಲಿ ಪ್ರಕರಣದ ಜಾಡು

ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್ ಉಚಿತ. ಅದರಲ್ಲಿ ಮಹಾರಾಷ್ಟ್ರ, ಪುಣೆ, ಕೋರ್ಟು ಸಂಕೀರ್ಣ ಆರಿಸಿ. ಠಾಣೆ, ಎಫ್‌ಐಆರ್ ನಂಬರ್, ವರ್ಷ ಹಾಕಿ ಹುಡುಕಿ. ಸಿಕ್ಕ ಪ್ರಕರಣಕ್ಕೆ 16 ಅಂಕಿ-ಅಕ್ಷರಗಳ ಸಿಎನ್‌ಆರ್ ನಂಬರ್ ಇರುತ್ತದೆ. ಪುಣೆಯದು ಇಂಗ್ಲಿಷಿನ ಎಂ, ಎಚ್, ಪಿ, ಯು ಅಕ್ಷರಗಳಿಂದ ಶುರುವಾಗುತ್ತದೆ. ಆಮೇಲಿನ ಎರಡು ಅಂಕಿ ಕೋರ್ಟಿನದು, ಆರು ಅಂಕಿ ಕ್ರಮಸಂಖ್ಯೆ, ಕೊನೆಯ ನಾಲ್ಕು ವರ್ಷ. ಇದು ಕೈಯಲ್ಲಿದ್ದರೆ ಮುಂದೆ ಯಾರನ್ನೂ ಕೇಳಬೇಕಿಲ್ಲ. ಸಾದಾ ಫೋನಿನವರು ಇಂಗ್ಲಿಷಿನಲ್ಲಿ ಇಕೋರ್ಟ್ಸ್ ಎಂದು ಒಂದೇ ಪದವಾಗಿ ಬರೆದು, ಜಾಗ ಬಿಟ್ಟು, ಸಿಎನ್‌ಆರ್ ನಂಬರ್ ಹಾಕಿ 9766899899ಕ್ಕೆ ಎಸ್‌ಎಂಎಸ್ ಕಳಿಸಿದರೂ ಸ್ಥಿತಿ ತಿಳಿಯುತ್ತದೆ.

ಪುಟ ತೆರೆದಾಗ ನೋಡಬೇಕಾದದ್ದು ಮುಂದಿನ ತಾರೀಖು, ಹಂತ ಮತ್ತು ಕೋರ್ಟು. ಕೆಳಗೆ ಹಿಂದಿನ ತಾರೀಖುಗಳ ಸಾಲಿದೆ. ಅದರಲ್ಲಿ ಒಂದನ್ನು ಒತ್ತಿದರೆ ಆ ದಿನ ಏನಾಯಿತೆಂಬ ಟಿಪ್ಪಣಿ ಬರುತ್ತದೆ. “ಸಾಕ್ಷಿ ಬಂದಿರಲಿಲ್ಲ, ಅದಕ್ಕೇ ಮುಂದಕ್ಕೆ ಹೋಯಿತು” ಎಂದು ನಿಮಗೆ ಹೇಳಿದ್ದು ನಿಜವೋ ಅಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಜಾಮೀನು ಅರ್ಜಿಗೆ ಒಂದು ಸಿಎನ್‌ಆರ್, ಮುಖ್ಯ ಪ್ರಕರಣಕ್ಕೆ ಇನ್ನೊಂದು. ಜಾಮೀನು ಆದೇಶವಾದ ಕೂಡಲೇ ಆ ಅರ್ಜಿ “ವಿಲೇವಾರಿ” ಎಂದು ತೋರಿಸುತ್ತದೆ. ಕೇಸೇ ಮುಗಿಯಿತೆಂದು ಊರಿಗೆ ಹೊರಟುಬಿಡುವವರಿದ್ದಾರೆ! ಕೊಲೆಯಂಥ ಪ್ರಕರಣವನ್ನು ಮ್ಯಾಜಿಸ್ಟ್ರೇಟರು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದಾಗಲೂ ಹೀಗೇ, ಹಳೆಯ ನಂಬರ್ ಮುಚ್ಚಿ ಹೊಸದು ಹುಟ್ಟುತ್ತದೆ. ಇತ್ತ ಮುಖ್ಯ ಪ್ರಕರಣದಲ್ಲಿ ಗೈರುಹಾಜರಾಗಿ ವಾರಂಟ್ ಹೊರಡುತ್ತದೆ. ಆದ್ದರಿಂದ ಎಫ್‌ಐಆರ್ ನಂಬರಿನಿಂದ ಆಗಾಗ ಹೊಸದಾಗಿ ಹುಡುಕಿ ನೋಡಿ. ಆ್ಯಪಿನಲ್ಲಿ ಒಂದು ತಾರೀಖು, ಕೋರ್ಟಿನಲ್ಲಿ ಹೇಳಿದ್ದು ಇನ್ನೊಂದಾದರೆ ಕೋರ್ಟಿನದೇ ಅಂತಿಮ.

ಹಂತ 8: ತಾರೀಖಿನ ದಿನ

ಬೆಳಗ್ಗೆ 11ಕ್ಕೆ ಮೊದಲೇ ಹಾಜರಿರಿ. ಬಾಗಿಲ ಹೊರಗಿನ ಬೋರ್ಡಿನಲ್ಲಿ ನಿಮ್ಮ ಕ್ರಮಾಂಕ ನೋಡಿಕೊಳ್ಳಿ. ಒಳಗೆ ಮೊಬೈಲ್ ಸದ್ದಿಲ್ಲದಿರಲಿ, ರೆಕಾರ್ಡಿಂಗ್ ಬೇಡವೇ ಬೇಡ. ಹೆಸರು ಕೂಗಿದಾಗ ವಕೀಲರು ಇನ್ನೊಂದು ಕೋರ್ಟಿನಲ್ಲಿದ್ದರೆ ಸುಮ್ಮನೆ ನಿಲ್ಲದೆ ಎದ್ದು “ನಾನು ಹಾಜರಿದ್ದೇನೆ” ಎನ್ನಿ. ಬರಲಾಗದ ದಿನ ವಿನಾಯಿತಿ ಅರ್ಜಿ ಹಾಕಿಸಿ. ಹೊರಡುವ ಮೊದಲು ಮುಂದಿನ ತಾರೀಖು ಕೇಳಿ ಬರೆದುಕೊಳ್ಳಿ.

ಹಂತ 9: ನೊಂದವರ ಕಡೆಯಿಂದ

ಸರ್ಕಾರಿ ವಕೀಲರಿದ್ದಾರಲ್ಲ, ನಮಗೇಕೆ ವಕೀಲರು ಎಂದು ಫಿರ್ಯಾದಿದಾರರು ಕೈಬಿಡುತ್ತಾರೆ. ಹಾಗೆ ಬಿಡಬೇಡಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು. ನಿಮ್ಮ ಪರ ವಕೀಲರಿದ್ದರೆ ದೋಷಾರೋಪಣ ಪಟ್ಟಿಯ ಪ್ರತಿ ನಿಮಗೂ ಸಿಗುತ್ತದೆ. ಕೋರ್ಟಿನ ಅನುಮತಿ ಪಡೆದು ಅವರು ಸರ್ಕಾರಿ ವಕೀಲರಿಗೆ ನೆರವಾಗಬಹುದು. ಆರೋಪಿ ಖುಲಾಸೆಯಾದರೆ ಮೇಲ್ಮನವಿಯ ಹಕ್ಕು ನಿಮಗೇ ಇದೆ, ಸರ್ಕಾರ ಮಾಡಲಿ ಬಿಡಲಿ.

ಇದಕ್ಕೆ ಪುಣೆಯಲ್ಲೇ ಕಂಡ ಉದಾಹರಣೆಯೆಂದರೆ ಮೂಢನಂಬಿಕೆ ವಿರೋಧಿ ಹೋರಾಟಗಾರ ಡಾ. ನರೇಂದ್ರ ದಾಭೋಲ್ಕರ್ ಅವರ ಹತ್ಯೆ ಪ್ರಕರಣ. 2013ರ ಆಗಸ್ಟ್ 20ರ ಬೆಳಗ್ಗೆ ಓಂಕಾರೇಶ್ವರದ ಬಳಿಯ ಸೇತುವೆಯ ಮೇಲೆ ಅವರನ್ನು ಗುಂಡಿಟ್ಟು ಕೊಂದರು. 2014ರಲ್ಲಿ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಕೊಟ್ಟಿತು. 2018ರಲ್ಲಿ ಬೆಂಗಳೂರಿನ ಗೌರಿ ಲಂಕೇಶ್ ಹತ್ಯೆಯ ತನಿಖೆ ನಡೆಸುತ್ತಿದ್ದ ಕರ್ನಾಟಕದ ಎಸ್‌ಐಟಿಯ ಸುಳಿವಿನಿಂದಲೇ ಇಲ್ಲಿನ ಗುಂಡು ಹಾರಿಸಿದವರ ಜಾಡು ಸಿಕ್ಕಿತು. ಆರೋಪ ನಿಗದಿಯಾದದ್ದು 2021ರಲ್ಲಿ. 2024ರ ಮೇ 10ರಂದು ಪುಣೆಯ ವಿಶೇಷ ಕೋರ್ಟ್ ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟು ಮೂವರನ್ನು ಖುಲಾಸೆ ಮಾಡಿತು. ಖುಲಾಸೆಯನ್ನು ಪ್ರಶ್ನಿಸಿ ಮಗಳು ಮುಕ್ತಾ ದಾಭೋಲ್ಕರ್ ಹೈಕೋರ್ಟಿಗೆ ಹೋದರು. ಹತ್ತು ವರ್ಷ ಮೀರಿದ ಈ ದಾರಿಯಲ್ಲಿ ಕುಟುಂಬ ಬೆನ್ನು ಬಿಡದೆ ಹಿಂಬಾಲಿಸಿತು; ತನಿಖೆಯ ಮೇಲೆ ಹೈಕೋರ್ಟಿನ ನಿಗಾ ಇದ್ದದ್ದೂ ಅವರು ಕೇಳಿದ್ದರಿಂದ.

ಪತ್ರಿಕೆಯಲ್ಲಿ ಓದಿದ ಪ್ರಕರಣವನ್ನು ಹಿಂಬಾಲಿಸುವ ಆಸಕ್ತರೂ ಕೋರ್ಟಿನಲ್ಲಿ ಕೂತು ನೋಡಬಹುದು, ವಿಚಾರಣೆ ಸಾರ್ವಜನಿಕ. ಅತ್ಯಾಚಾರ, ಪೋಕ್ಸೊ ಪ್ರಕರಣಗಳು ಬಾಗಿಲು ಮುಚ್ಚಿ ನಡೆಯುತ್ತವೆ, ಸಂತ್ರಸ್ತರ ಗುರುತು ಹೇಳುವುದು ಅಪರಾಧ. 2024ರ ಮೇ 19ರ ಕಲ್ಯಾಣಿನಗರದ ಪೋರ್ಷೆ ಕಾರು ಅಪಘಾತದಲ್ಲಿ ಕಾರು ಓಡಿಸಿದ ಆರೋಪ ಹೊತ್ತ ಬಾಲಕನ ವಿಷಯ ಬಾಲನ್ಯಾಯ ಮಂಡಳಿಯಲ್ಲಿ, ರಕ್ತದ ಮಾದರಿ ಬದಲಿಸಿದ ಆರೋಪ ಹೊತ್ತ ವಯಸ್ಕರ ವಿಷಯ ಸೆಷನ್ಸ್ ಕೋರ್ಟಿನಲ್ಲಿ. ಒಂದೇ ಘಟನೆ, ಎರಡು ದಾರಿ. ಸುದ್ದಿ ಓದುವಾಗ ಯಾವುದರ ಆದೇಶ ಎಂದು ನೋಡಿಕೊಳ್ಳದಿದ್ದರೆ ಗೊಂದಲ ತಪ್ಪಿದ್ದಲ್ಲ.

ಕೊನೆಯದಾಗಿ ಒಂದು ಕೋರಿಕೆ. ಠಾಣೆ, ಎಫ್‌ಐಆರ್ ನಂಬರ್, ಸಿಎನ್‌ಆರ್, ವಕೀಲರ ಫೋನ್, ಮುಂದಿನ ತಾರೀಖು ಈ ಐದನ್ನು ಒಂದು ಹಾಳೆಯಲ್ಲಿ ಬರೆದು ಊರಿನ ಮನೆಯವರಿಗೂ ಒಂದು ಪ್ರತಿ ಕಳಿಸಿ. 15100 ನಂಬರನ್ನು ಇವತ್ತೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಪಕ್ಕದ ಕೋಣೆಯ ಕನ್ನಡಿಗರಿಗೂ ಕೊಡಿ.